ರಾಕೆಟ್ ನೋಡಲು ಹೊರಟಿದ್ದೀರಾ? ಎರಡು ದಿನದ ರೊಟ್ಟಿ ಜಾಸ್ತಿ ಕಟ್ಟಿಕೊಳ್ಳಿ

ನಾನಿರುವುದು ಡೊಂಬಿವಲಿ ಪೂರ್ವದಲ್ಲಿ. ತವರು ರಾಯಚೂರು. ಮನೆಯಲ್ಲೇ ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಮಗನಿಗೆ ರಾಕೆಟ್ ಹುಚ್ಚು. ಅವನ ಜೊತೆ ಎರಡು ಸಲ ಶ್ರೀಹರಿಕೋಟಕ್ಕೆ ಹೋಗಿ ಬಂದಿದ್ದೇನೆ. ಈಗ ಆ ಹುಚ್ಚು ನನಗೂ ಹತ್ತಿದೆ.

ಮೊದಲ ಸಲ ಹೋಗಿದ್ದು 2019ರ ಜುಲೈನಲ್ಲಿ, ಚಂದ್ರಯಾನ-2 ನೋಡಲು. ರಾತ್ರಿಯಿಡೀ ಕಾದೆವು. ಅದು ಹಾರಲಿಲ್ಲ. ಎರಡನೇ ಸಲ 2023ರ ಅಕ್ಟೋಬರ್‌ನಲ್ಲಿ, ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಯ ಮೊದಲ ಪರೀಕ್ಷಾ ಹಾರಾಟ ನೋಡಲು. ಅದು ಎರಡು ಗಂಟೆ ತಡವಾಗಿ ಹಾರಿತು. ಆ ಎರಡು ಗಂಟೆಯಲ್ಲಿ ನಾವು ಎದ್ದು ಹೊರಡುವುದರಲ್ಲಿದ್ದೆವು.

ನಮ್ಮ ಬಿಲ್ಡಿಂಗಿನವರು, ಟ್ಯೂಷನ್ ಮಕ್ಕಳ ಅಪ್ಪ ಅಮ್ಮಂದಿರು, ಠಾಣೆಯಲ್ಲಿರುವ ನಮ್ಮ ಕನ್ನಡದ ಗೆಳತಿಯರು, ಎಲ್ಲರೂ ಕೇಳುತ್ತಾರೆ: ಹೇಗೆ ಹೋಗುವುದು, ಎಲ್ಲಿ ಕೂರುವುದು? ಅದನ್ನು ಹೇಳುವುದು ಸುಲಭ. ಆದರೆ ಹಾರದೇ ಹೋದರೆ ಏನು ಮಾಡುವುದು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದದ್ದು ಅದನ್ನೇ. ರಾಕೆಟ್ ಹಾರಿ ಕಣ್ಣಿಂದ ಮರೆಯಾಗಲು ಕೆಲವೇ ನಿಮಿಷ ಸಾಕು. ಉಳಿದದ್ದೆಲ್ಲ ಕಾಯುವುದು. ಆದ್ದರಿಂದ ಕಾಯುವುದಕ್ಕೆ ತಯಾರಿ ಮಾಡಿಕೊಂಡೇ ಹೊರಡಿ.

ದಿನಾಂಕ, ಪಾಸು, ಟಿಕೆಟ್

ಶ್ರೀಹರಿಕೋಟ ಇರುವುದು ಆಂಧ್ರದಲ್ಲಿ, ಚೆನ್ನೈನಿಂದ ಉತ್ತರಕ್ಕೆ. ಅದೊಂದು ದ್ವೀಪ. ಹತ್ತಿರದ ರೈಲು ನಿಲ್ದಾಣ ಸೂಳ್ಳೂರುಪೇಟೆ. ಅಲ್ಲಿಂದ ಪುಲಿಕಾಟ್ ಸರೋವರದ ನಡುವೆ ಹಾದು ಹೋಗುವ ರಸ್ತೆಯಲ್ಲಿ ದ್ವೀಪ ಸೇರಬೇಕು. ಜನ ಕೂತು ನೋಡಲೆಂದೇ ಇಸ್ರೋದವರು 2019ರಲ್ಲಿ ಅಲ್ಲೊಂದು ಗ್ಯಾಲರಿ ಶುರು ಮಾಡಿದರು. ದುಡ್ಡಿಲ್ಲ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ಶುರುವಾದ ಸುದ್ದಿ ಬಂದ ದಿನವೇ ಮಾಡಿ. ಸಂಜೆ ಮಾಡೋಣ ಎಂದುಕೊಂಡರೆ ಸೀಟು ಮುಗಿದಿರುತ್ತದೆ. ಪ್ರತಿ ಉಡಾವಣೆಗೂ ಗ್ಯಾಲರಿ ತೆರೆಯುತ್ತಾರೆ ಎಂದೂ ಇಲ್ಲ. ಅದನ್ನು ನೋಡಿಕೊಂಡು ಹೊರಡಿ. ಯಾವ ಗುರುತಿನ ಚೀಟಿ ಕೊಟ್ಟು ಹೆಸರು ಬರೆಸಿದ್ದೀರೋ ಅದೇ ಚೀಟಿ ಕೈಯಲ್ಲಿರಲಿ.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರ. ಚಂದ್ರಯಾನ-2ರ ಸಮಯ ಜುಲೈ 15, ಬೆಳಗಿನ ಜಾವ 2 ಗಂಟೆ 51 ನಿಮಿಷ. ಅಂದರೆ 14ರ ರಾತ್ರಿಯೇ ಅಲ್ಲಿ ಇರಬೇಕು. ನನ್ನ ಗಂಡ 15ಕ್ಕೆ ಅಲ್ಲಿಗೆ ಮುಟ್ಟುವ ಹಾಗೆ ಟಿಕೆಟ್ ತೆಗೆಯಲು ಕೂತಿದ್ದರು. ಮಗ ನೋಡಿ ಕೂಗಿಕೊಂಡ. ಆಗ ಅವನಿಗೆ ಹನ್ನೊಂದು ವರ್ಷ. ರಾತ್ರಿ ಹನ್ನೆರಡು ದಾಟಿದ ಮೇಲಿನ ಸಮಯ ಕಂಡರೆ ಕ್ಯಾಲೆಂಡರ್‌ನಲ್ಲಿ ಹಿಂದಿನ ದಿನಕ್ಕೂ ಗುರುತು ಹಾಕಿ.

ಮುಂಬೈ ಕಡೆಯಿಂದ ಚೆನ್ನೈಗೆ ಹೋಗುವ ರೈಲು ನಮಗೆ ಕಲ್ಯಾಣ್‌ನಲ್ಲೇ ಸಿಗುತ್ತದೆ. ಪುಣೆ, ಸೋಲಾಪುರ, ಕಲಬುರಗಿ, ವಾಡಿ, ರಾಯಚೂರು, ಗುಂತಕಲ್ ದಾಟಿ ಚೆನ್ನೈ. ಹೆಚ್ಚು ಕಡಿಮೆ ಒಂದು ಹಗಲು, ಒಂದು ರಾತ್ರಿ. ಚೆನ್ನೈ ಸೆಂಟ್ರಲ್‌ನಿಂದ ಸೂಳ್ಳೂರುಪೇಟೆಗೆ ಲೋಕಲ್ ರೈಲು ಇದೆ. ಡೊಂಬಿವಲಿಯವರಿಗೆ ಲೋಕಲ್ ಎಂದರೆ ನಾಲ್ಕೈದು ನಿಮಿಷಕ್ಕೊಂದು ಎಂಬ ಲೆಕ್ಕ. ಅಲ್ಲಿ ಹಾಗಲ್ಲ. ಒಂದು ತಪ್ಪಿದರೆ ತುಂಬಾ ಹೊತ್ತು ಕಾಯಬೇಕು. ಹೋಗುವಾಗಲೇ ವಾಪಸ್ ಗಾಡಿಗಳ ಸಮಯ ಬರೆದುಕೊಳ್ಳಿ.

ಉಡಾವಣೆಯ ಖಚಿತ ದಿನ ಹೊರಬೀಳುವುದು ಬಹಳ ಸಲ ಒಂದೆರಡು ವಾರ ಮೊದಲು. ಈಗ ರೈಲು ಬುಕಿಂಗ್ ಶುರುವಾಗುವುದು 60 ದಿನ ಮೊದಲು. ಹಾಗಾಗಿ ದಿನಾಂಕ ಗೊತ್ತಾಗುವ ಹೊತ್ತಿಗೆ ಬರ್ತ್ ತುಂಬಿರುತ್ತದೆ. ತತ್ಕಾಲ್‌ಗೆ ತಯಾರಿರಿ: ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಹೊರಡುವ ಟಿಕೆಟ್ ಒಂದು ದಿನ ಮುಂಚೆಯದೇ ಇರಲಿ. ಮಳೆಗಾಲದಲ್ಲಿ ಕರ್ಜತ್‌ನಿಂದ ಲೋಣಾವಳಾಕ್ಕೆ ಹತ್ತುವ ಭೋರ್ ಘಾಟಿಯಲ್ಲಿ ಗುಡ್ಡ ಜರಿದರೆ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಅಲ್ಲಿ ಆಕಾಶ ತಿಳಿಯಾಗಿದ್ದು ಏನು ಬಂತು, ನೀವು ಇಲ್ಲಿ ಕಲ್ಯಾಣ್ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದರೆ?

ವಾಪಸ್ ಟಿಕೆಟ್ ಉಡಾವಣೆಯ ದಿನಕ್ಕೆ ತೆಗೆಯಬೇಡಿ. ನಾವು 2019ರಲ್ಲಿ ಮಾಡಿದ ತಪ್ಪು ಅದೇ. ಕನಿಷ್ಠ ಎರಡು ದಿನ ಬಿಟ್ಟು ತೆಗೆಯಿರಿ. ರಜೆಯನ್ನೂ ಹಾಗೇ ಕೇಳಿ. ಲಾಡ್ಜಿನವರ ಹತ್ತಿರ ಮೊದಲೇ ಮಾತಾಡಿ, "ಒಂದು ದಿನ ಹೆಚ್ಚಾದರೆ ಕೋಣೆ ಕೊಡ್ತೀರಾ?" ಎಂದು ಕೇಳಿಟ್ಟುಕೊಳ್ಳಿ. ನಮಗೆ ಒಂದು ಲಾಡ್ಜಿನಲ್ಲಿ ಬೆಳಿಗ್ಗೆ ಎಂಟಕ್ಕೆ ಖಾಲಿ ಮಾಡಿ ಎಂದುಬಿಟ್ಟರು. ರಾತ್ರಿಯಿಡೀ ನಿದ್ದೆ ಇಲ್ಲದ ಮಗುವನ್ನು ಕರೆದುಕೊಂಡು ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದೆವು.

ಮಗ ಹೇಳಿಕೊಟ್ಟ ಇನ್ನೊಂದು ಉಪಾಯ. ರಾಕೆಟ್ ಹಾರಿಸುವ ಮೊದಲು ವಿಮಾನಗಳಿಗೆ "ಈ ದಿನ, ಈ ಹೊತ್ತು, ಈ ಜಾಗದಲ್ಲಿ ಹಾರಬೇಡಿ" ಎಂಬ ಎಚ್ಚರಿಕೆ ಹೊರಡಿಸುತ್ತಾರೆ. ಅದಕ್ಕೆ ನೋಟಾಮ್ ಎನ್ನುತ್ತಾರೆ. ಅದರಲ್ಲಿ ಬಹಳ ಸಲ ಒಂದೇ ದಿನ ಇರುವುದಿಲ್ಲ, ಹಲವು ದಿನಗಳಿರುತ್ತವೆ. ಇಂದು ತಪ್ಪಿದರೆ ನಾಳೆ ನಾಡಿದ್ದು ಅವಕಾಶ ಇದೆಯೋ ಇಲ್ಲವೋ ಎಂಬ ಸುಳಿವು ಅಲ್ಲೇ ಸಿಗುತ್ತದೆ. ನಮ್ಮ ಮನೆಯಲ್ಲಿ ರಜೆ ಎಷ್ಟು ಹಾಕಬೇಕು ಎಂದು ತೀರ್ಮಾನ ಮಾಡುವುದು ಅದನ್ನು ನೋಡಿಯೇ.

ಬುತ್ತಿ

ನಮ್ಮ ಗಾಡಿ ರಾಯಚೂರಿನಲ್ಲಿ ನಿಂತಾಗ ನನ್ನ ತಂಗಿ ಬುತ್ತಿ ಹಿಡಿದು ಪ್ಲಾಟ್‌ಫಾರ್ಮ್‌ಗೆ ಬರುತ್ತಾಳೆ. ಎರಡೂ ಸಲ ಬಂದಿದ್ದಳು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಡಬ್ಬಿ ಸುಸ್ಲಾ. ಮೊದಲ ಸಲ ನಾನೇ "ಇಷ್ಟ್ಯಾಕವ್ವ, ಎರಡು ದಿನದ ಮಾತು" ಎಂದಿದ್ದೆ. "ಇರ್ಲಿ ತಗೋ ಅಕ್ಕಾ, ಕೆಡೋದಲ್ಲ ಬಿಡೋದಲ್ಲ" ಎಂದು ಕಿಟಕಿಯಲ್ಲಿ ತುರುಕಿದಳು. ಆ ರೊಟ್ಟಿಯೇ ನಮ್ಮನ್ನು ಕಾಪಾಡಿತು. ಚಪಾತಿ ಎರಡನೇ ದಿನಕ್ಕೆ ಬೂಸು ಹಿಡಿಯುತ್ತದೆ. ಆ ಸೆಕೆಯಲ್ಲಿ ಅನ್ನದ ಡಬ್ಬಿ ಮಧ್ಯಾಹ್ನಕ್ಕೇ ಹಳಸುತ್ತದೆ. ಚೆನ್ನಾಗಿ ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ. ಕರಾವಳಿ ಕಡೆಯವರಾದರೆ ಅವಲಕ್ಕಿ, ಹುರಿಗಡಲೆ, ಚಕ್ಕುಲಿ. ಉಡಾವಣೆಯ ದಿನ ಸೂಳ್ಳೂರುಪೇಟೆಯಲ್ಲಿ ಜಾತ್ರೆಯಂಥ ಜನ. ಊಟ ಸಿಗುತ್ತದೆ, ಆದರೆ ನಿಮ್ಮ ಹಸಿವಿನ ಹೊತ್ತಿಗೆ ಸಿಗುತ್ತದೆ ಎಂದೇನಿಲ್ಲ. ಗ್ಯಾಲರಿ ಒಳಗೆ ಏನೇನು ಬಿಡುತ್ತಾರೆ ಎಂಬುದನ್ನು ಪಾಸಿನ ಜೊತೆ ಬರುವ ಸೂಚನೆಯಲ್ಲಿ ಓದಿ. ಒಳಗೆ ಬಿಡದೇ ಇದ್ದದ್ದನ್ನು ಲಾಡ್ಜಿನಲ್ಲೇ ಇಟ್ಟು ಹೋಗಿ.

ಉಳಿದದ್ದು ಬೇಗ ಹೇಳುತ್ತೇನೆ. ನೀರು. ಟೋಪಿ. ಕೂರಲು ದಪ್ಪ ಟವೆಲ್. ಮಕ್ಕಳಿಗೆ ಒಂದು ತೆಳುವಾದ ಹೊದಿಕೆ. ಪವರ್ ಬ್ಯಾಂಕ್. ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆ ಬೇಡ.

ಮಳೆಯ ಲೆಕ್ಕ

ಮುಂಬೈಯವರು ಇಲ್ಲೇ ಎಡವುವುದು. ನಮಗೆ ಅಕ್ಟೋಬರ್ ಎಂದರೆ ಮಳೆ ಮುಗಿದು ಬಿಸಿಲು ಸುಡುವ ತಿಂಗಳು. ಕೊಡೆ ಒರೆಸಿ ಅಟ್ಟದ ಮೇಲೆ ಇಟ್ಟಿರುತ್ತೇವೆ. ಆ ಕರಾವಳಿಯಲ್ಲಿ ಮಳೆ ಶುರುವಾಗುವುದೇ ಅಕ್ಟೋಬರ್‌ನಲ್ಲಿ. ಹಿಂಗಾರು ಮಳೆ ಡಿಸೆಂಬರ್‌ವರೆಗೂ ಸುರಿಯುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೂ ಏಳುತ್ತವೆ. ನಾವು 2023ರಲ್ಲಿ ದಸರಾ ಹೊತ್ತಿಗೆ ಕೊಡೆ ಇಲ್ಲದೆ ಹೋದೆವು. ಹನಿ ಬಿದ್ದಾಗ ಟವೆಲ್ ತಲೆಗೆ ಹಾಕಿಕೊಂಡು ಕೂತೆವು. ನೀವು ಹೋಗುವುದು ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಆದರೆ ಮನೆಯಲ್ಲಿ ಎಷ್ಟು ಜನವೋ ಅಷ್ಟು ರೇನ್‌ಕೋಟ್ ಇರಲಿ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ, ಅಲ್ವಾ?

ಹವಾಮಾನ ಸರಿಯಿಲ್ಲ ಎಂದು ತಡ ಮಾಡಿದಾಗ ಜನ ಗೊಣಗುತ್ತಾರೆ. "ಇಷ್ಟು ಮಳೆಗೆ ರಾಕೆಟ್ ಕರಗುತ್ತಾ?" ಎಂದು ನನ್ನ ಪಕ್ಕದಲ್ಲೇ ಒಬ್ಬರು ಕೇಳಿದರು. ಸುಮ್ನೆ ಮಳೆ ಹನಿಯುವುದೇ ದೊಡ್ಡ ತೊಂದರೆಯಲ್ಲ. ಭಯ ಇರುವುದು ಸಿಡಿಲಿಗೆ. ರಾಕೆಟ್ ಮತ್ತು ಅದರ ಹಿಂದೆ ಉದ್ದಕ್ಕೆ ಬರುವ ಬೆಂಕಿ ಹೊಗೆಯ ಬಾಲ ಸೇರಿ ಮೋಡಕ್ಕೂ ನೆಲಕ್ಕೂ ತಂತಿ ಕಟ್ಟಿದ ಹಾಗೆ ಆಗುತ್ತದೆ. ತಾನಾಗಿ ಹೊಡೆಯದ ಸಿಡಿಲನ್ನೂ ರಾಕೆಟ್ ಎಳೆದುಕೊಳ್ಳುತ್ತದೆ. 1969ರ ನವೆಂಬರ್‌ನಲ್ಲಿ ಅಪೋಲೊ-12 ಮಳೆಯಲ್ಲೇ ಮೇಲೇರಿತು. ಒಂದು ನಿಮಿಷದೊಳಗೆ ಎರಡು ಸಲ ಸಿಡಿಲು ಬಡಿಯಿತು. ಒಳಗೆ ಮೂರು ಜನ ಇದ್ದರು, ಬದುಕಿ ಚಂದ್ರನವರೆಗೂ ಹೋಗಿ ಬಂದರು. 1987ರ ಮಾರ್ಚ್‌ನಲ್ಲಿ ಹಾರಿದ ಅಮೆರಿಕದ ಅಟ್ಲಾಸ್-ಸೆಂಟಾರ್‌ಗೆ ಆ ಅದೃಷ್ಟ ಇರಲಿಲ್ಲ. ಸಿಡಿಲು ಬಡಿದು ಅದರ ಕಂಪ್ಯೂಟರ್ ತಪ್ಪು ಆದೇಶ ಕೊಟ್ಟಿತು, ರಾಕೆಟ್ ಮುರಿದು ಹೋಯಿತು.

ಇನ್ನೊಂದು ಮೇಲಿನ ಗಾಳಿ. ನಾವು ಕೂತಲ್ಲಿ ಎಲೆಯೂ ಅಲುಗುತ್ತಿರುವುದಿಲ್ಲ, ಹತ್ತು ಹದಿನೈದು ಕಿಲೋಮೀಟರ್ ಮೇಲೆ ಜೋರು ಗಾಳಿ ಬೀಸುತ್ತಿರುತ್ತದೆ. ವೇಗವಾಗಿ ಏರುವ ರಾಕೆಟ್‌ನ ಪಕ್ಕಕ್ಕೆ ಅದು ಹೊಡೆದರೆ ಮೈ ಬಾಗುತ್ತದೆ. ಅದಕ್ಕೇ ಬಲೂನು ಬಿಟ್ಟು ಗಾಳಿ ಅಳೆಯುತ್ತಾರೆ. ಆಕಾಶ ನೀಲಿಯಾಗಿದ್ದರೂ ಹವಾಮಾನ ಸರಿಯಿಲ್ಲ ಎಂದರೆ ಕಾರಣ ಇದೇ ಇರಬಹುದು.

ಕೆಲವು ಸಲ ಕೆಟ್ಟ ಹವಾಮಾನ ಇರುವುದು ನಿಮ್ಮ ತಲೆ ಮೇಲೂ ಅಲ್ಲ. 2013ರಲ್ಲಿ ಮಂಗಳಯಾನ ಮೊದಲು ಅಕ್ಟೋಬರ್ 28ಕ್ಕೆ ಎಂದಿತ್ತು. ರಾಕೆಟ್‌ನ ಸಂಕೇತ ಹಿಡಿಯಲು ನಲಂದಾ, ಯಮುನಾ ಎಂಬ ಎರಡು ಹಡಗುಗಳು ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಹೋಗಿ ನಿಲ್ಲಬೇಕಿತ್ತು. ಅಲ್ಲಿನ ಸಮುದ್ರ ಕೆಟ್ಟಿತ್ತು. ಹಡಗು ಮುಟ್ಟುವುದು ತಡವಾಯಿತು. ಶ್ರೀಹರಿಕೋಟದಲ್ಲಿ ರಾಕೆಟ್ ತಯಾರಿದ್ದರೂ ಕಾಯಬೇಕಾಯಿತು. ಕೊನೆಗೆ ನವೆಂಬರ್ 5ಕ್ಕೆ ಹಾರಿತು. ಆದ್ದರಿಂದ ಚೆನ್ನೈ ಹವಾಮಾನ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಎಣಿಕೆ ನಿಂತಾಗ

ಇದು ನಾನು ಜಾಸ್ತಿ ಹೇಳಬೇಕಾದ ಭಾಗ.

2019ರ ರಾತ್ರಿ. ಮಗ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದ. ಎರಡೂ ಮುಕ್ಕಾಲಿಗೆ ಎಬ್ಬಿಸು ಎಂದು ಹೇಳಿಯೇ ಮಲಗಿದ್ದ. ರಾಷ್ಟ್ರಪತಿಗಳೇ ಬಂದಿದ್ದರು. ದೊಡ್ಡ ಪರದೆಯ ಮೇಲೆ ಗಡಿಯಾರ ಓಡುತ್ತಿತ್ತು. ಇನ್ನೂ 56 ನಿಮಿಷ 24 ಸೆಕೆಂಡ್ ಇರುವಾಗ ಅದು ನಿಂತಿತು. ಮೊದಲಿಗೆ ಯಾರಿಗೂ ಗೊತ್ತಾಗಲಿಲ್ಲ. ಪರದೆಯೇ ಕೆಟ್ಟಿದೆ ಎಂದುಕೊಂಡೆವು. ಆಮೇಲೆ ಪ್ರಕಟಣೆ: ತಾಂತ್ರಿಕ ದೋಷ, ಇವತ್ತಿಲ್ಲ. ಮಗನನ್ನು ಹೇಗೆ ಎಬ್ಬಿಸುವುದು, ಏನು ಹೇಳುವುದು ಎಂದು ತಿಳಿಯದೆ ಹಾಗೇ ಕೂತಿದ್ದೆ. ಎದ್ದ ಮೇಲೆ ಅವನು ಅಳಲಿಲ್ಲ. "ನಾಳೆ ಬಿಡ್ತಾರಾ ಅಮ್ಮ?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತು, ನಿಮಗೂ ಹೇಳುತ್ತೇನೆ.

ಎಣಿಕೆ ನಿಂತಾಗ ಮೊದಲು ಕೇಳಬೇಕಾದ್ದು: ಇದು ಸ್ವಲ್ಪ ಹೊತ್ತಿನ ತಡೆಯೋ, ಇವತ್ತಿಗೆ ರದ್ದೋ? "ಹೋಲ್ಡ್" ಎಂದರೆ ಕೂತಿರಿ. "ಸ್ಕ್ರಬ್" ಎಂದರೆ ಇವತ್ತಿಗೆ ಮುಗಿಯಿತು.

ಎರಡನೆಯದು: ದೋಷ ಯಾವುದರಲ್ಲಿ? ಹವಾಮಾನದ್ದಾದರೆ, ಇಲ್ಲ ಉಪಗ್ರಹದ ಯಾವುದೋ ಸಣ್ಣ ವಿಷಯವಾದರೆ ಮರುದಿನವೇ ಹಾರಬಹುದು. 2024ರ ಡಿಸೆಂಬರ್ 4ರಂದು ಪ್ರೋಬಾ-3 ಎಂಬ ಯುರೋಪಿನ ಜೋಡಿ ಉಪಗ್ರಹ ಹೊತ್ತ ಪಿಎಸ್‌ಎಲ್‌ವಿ ರಾಕೆಟ್ ಸಂಜೆ 4:08ಕ್ಕೆ ಹಾರಬೇಕಿತ್ತು. ಒಂದು ಗಂಟೆಯೂ ಉಳಿದಿಲ್ಲ ಎನ್ನುವಾಗ ಉಪಗ್ರಹದಲ್ಲಿ ಏನೋ ಸರಿಯಿಲ್ಲ ಎಂದು ನಿಲ್ಲಿಸಿದರು. ಮರುದಿನ ಸಂಜೆ 4:04ಕ್ಕೆ ಹಾರಿತು. ಒಂದು ದಿನ ಉಳಿದವರು ನೋಡಿದರು.

ದೋಷ ರಾಕೆಟ್‌ನದೇ ಆದರೆ, ಅದರಲ್ಲೂ ಕ್ರಯೋಜೆನಿಕ್ ಹಂತ ಇರುವ ದೊಡ್ಡ ರಾಕೆಟ್ ಆದರೆ, ಮನೆಗೆ ಹೊರಡಿ. ಅತಿ ತಣ್ಣಗಿನ ಹೈಡ್ರೋಜನ್, ಆಮ್ಲಜನಕ ತುಂಬಿದ ಮೇಲೆ ಅದನ್ನೆಲ್ಲ ಇಳಿಸಬೇಕು, ಆಮೇಲೆ ದೋಷ ಹುಡುಕಬೇಕು, ಸರಿ ಮಾಡಬೇಕು, ಮತ್ತೆ ತುಂಬಬೇಕು. ಚಂದ್ರಯಾನ-2ರ ಹೊಸ ದಿನಾಂಕ ಗೊತ್ತಾಗಿದ್ದು ಜುಲೈ 18ಕ್ಕೆ, ಹಾರಿದ್ದು 22ರ ಮಧ್ಯಾಹ್ನ 2:43ಕ್ಕೆ. ಒಂದು ವಾರ. ಅದೂ ಬೇಗ ಆದದ್ದು. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ-ಡಿ5 ಎಂಬ ರಾಕೆಟ್‌ನಲ್ಲಿ ಇಂಧನ ಸೋರಿ ನಿಲ್ಲಿಸಿದರು, ಅದು ಹಾರಿದ್ದು 2014ರ ಜನವರಿ 5ಕ್ಕೆ.

ಮೂರನೆಯದು: ರಾಕೆಟ್ ಎಲ್ಲಿಗೆ ಹೊರಟಿದೆ? ಚಂದ್ರನ ಕಡೆಗೋ, ಮೇಲಿರುವ ಇನ್ನೊಂದನ್ನು ಸೇರಲೋ ಹೊರಟಿದ್ದರೆ ಭೂಮಿ ತಿರುಗಿ ಸರಿಯಾದ ಜಾಗಕ್ಕೆ ಬರುವ ಹೊತ್ತು ಬಹಳ ಚಿಕ್ಕದು. ಅದು ತಪ್ಪಿದರೆ ಅವತ್ತಿಗೆ ಅವಕಾಶ ಇಲ್ಲ. ಲೋಕಲ್ ತಪ್ಪಿದ ಹಾಗಲ್ಲ, ವಾರಕ್ಕೊಮ್ಮೆಯ ಗಾಡಿ ತಪ್ಪಿದ ಹಾಗೆ.

ಈಗ 2023ರ ಅಕ್ಟೋಬರ್ 21ರ ಕಥೆ. ಶನಿವಾರ. ಬೆಳಿಗ್ಗೆ ಎಂಟಕ್ಕೆ ಹಾರಬೇಕು. ನಾವು ನಾಲ್ಕೂವರೆಗೇ ಲಾಡ್ಜ್ ಬಿಟ್ಟಿದ್ದೆವು. ಮನುಷ್ಯರು ಇರಲಿಲ್ಲ. ಹಾರುವಾಗ ಏನಾದರೂ ಕೆಟ್ಟರೆ ಗಗನಯಾತ್ರಿಗಳ ಗೂಡನ್ನು ಕಿತ್ತು ದೂರ ಒಯ್ಯುವ ವ್ಯವಸ್ಥೆಯ ಪರೀಕ್ಷೆ ಅದು. ಅದಕ್ಕೆಂದೇ ಕಟ್ಟಿದ, ಸುಮಾರು 35 ಮೀಟರ್ ಎತ್ತರದ ರಾಕೆಟ್. ಅದನ್ನು ತಳ್ಳುವುದು ಒಂದು ವಿಕಾಸ್ ಎಂಜಿನ್. ವಿಕಾಸ್ ಎಂಜಿನ್‌ಗಳು ನಮ್ಮ ವಿಕ್ರೋಳಿಯ ಗೋದ್ರೇಜ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಲೋಕಲ್‌ನಲ್ಲಿ ವಿಕ್ರೋಳಿ ಬಂದಾಗಲೆಲ್ಲ ಮಗ ಬಾಗಿಲ ಕಡೆ ಬಗ್ಗಿ ನೋಡುತ್ತಾನೆ. ಸೆಂಟ್ರಲ್ ಲೈನಿನ ಎಂಜಿನ್ನೇ ನೋಡಲು ಆಂಧ್ರಕ್ಕೆ ಬಂದಿದ್ದೇವೆ ಎಂದು ಅವನಿಗೆ ಬಹಳ ಹೆಮ್ಮೆ.

ಎಂಟು ಗಂಟೆ ಎಂಟೂವರೆ ಆಯಿತು. ಹವಾಮಾನ. ಎಂಟೂವರೆ ಎಂಟೂಮುಕ್ಕಾಲಾಯಿತು. ನಂತರ ಎಣಿಕೆ ಓಡಿತು. ಎಲ್ಲರೂ ಎದ್ದು ನಿಂತು ಜೋರಾಗಿ ಎಣಿಸಿದೆವು. ಹತ್ತು, ಒಂಬತ್ತು, ಎಂಟು... ಐದಕ್ಕೆ ನಿಂತಿತು. ಎಂಜಿನ್ ಹೊತ್ತಿಕೊಳ್ಳಲಿಲ್ಲ. ಕಂಪ್ಯೂಟರ್ ತಾನೇ ತಡೆ ಹಾಕಿತ್ತು. ಆಗಿನ ಇಸ್ರೋ ಅಧ್ಯಕ್ಷ ಸೋಮನಾಥ್ ಅವರು ಬಂದು, ರಾಕೆಟ್ ಸುರಕ್ಷಿತವಾಗಿದೆ, ಏನಾಯಿತು ಎಂದು ನೋಡಬೇಕು ಎಂದರು.

ಮುಗಿಯಿತು ಎಂದುಕೊಂಡೆ. 2019ರ ರಾತ್ರಿಯೇ ಕಣ್ಣ ಮುಂದೆ ಬಂತು. ನಮ್ಮ ಸಾಲಿನ ಅರ್ಧ ಜನ ಎದ್ದು ಹೊರಟರು. ನಾನೂ ಚೀಲ ಹೆಗಲಿಗೆ ಹಾಕಿದೆ. ಆಗ ಹಿಂದಿನ ಸಾಲಿನಿಂದ ಕನ್ನಡ ಕೇಳಿಸಿತು. ಹೊಸಪೇಟೆ ಕಡೆಯ ಹಿರಿಯರೊಬ್ಬರು, ಮೊಮ್ಮಗಳ ಜೊತೆ ಬಂದಿದ್ದವರು. "ಕುಂದರ್ರಿ ತಾಯಿ. ಹೋಗ್ರಿ ಅಂತ ಅವ್ರಿನ್ನೂ ಅಂದಿಲ್ಲ. ಅನ್ನೋಮಟ ಯಾಕ ಏಳ್ತೀರಿ?" ಎಂದರು. ನಾನು ಚೀಲ ಇಳಿಸಿದೆ.

ಅವರ ಮಾತೇ ನನ್ನ ನಿಯಮ ಈಗ. ಪ್ರಕಟಣೆ ಬರುವವರೆಗೆ ಏಳಬೇಡಿ. ಐದು ಸೆಕೆಂಡಿಗೆ ನಿಂತಿತು ಎಂದರೆ ದೊಡ್ಡ ಅನಾಹುತ ಎಂದೇನೂ ಅಲ್ಲ. ಕೊನೆಯ ನಿಮಿಷಗಳಲ್ಲಿ ಎಲ್ಲವನ್ನೂ ನೋಡಿಕೊಳ್ಳುವುದು ಕಂಪ್ಯೂಟರ್. ಒಂದು ಅಳತೆ ಅಂದುಕೊಂಡ ಹಾಗೆ ಕಾಣದಿದ್ದರೂ ಅದು ನಿಲ್ಲಿಸುತ್ತದೆ. ಆಮೇಲೆ ಮನುಷ್ಯರು ಕೂತು, ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಆ ರಾಕೆಟ್ ಬೇರೆ ಯಾವ ಕಕ್ಷೆಗೂ ಹೋಗಿ ಯಾರನ್ನೂ ಸೇರಬೇಕಿರಲಿಲ್ಲ. ಅದಕ್ಕೆ ಗಾಡಿ ತಪ್ಪುವ ಭಯ ಇರಲಿಲ್ಲ. ಕಾರಣ ಸಿಕ್ಕಿತು, ಸರಿ ಮಾಡಿದರು, ಹತ್ತು ಗಂಟೆಗೆ ಹಾರಿಸುತ್ತೇವೆ ಎಂದರು. ಹೊರಗೆ ಹೋದವರು ಓಡಿ ಬಂದರು. ಎಲ್ಲರೂ ಬರಲಿಲ್ಲ.

ಈ ಖಾಲಿ ಹೊತ್ತಿನಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸಬೇಡಿ. ಏನು ತಪ್ಪಿರಬಹುದು ಎಂದು ಊಹಿಸಲು ಹೇಳಿ. ನಮ್ಮ ಮಗ ಮತ್ತು ಆ ಹಿರಿಯರ ಮೊಮ್ಮಗಳು ಒಂದು ನೋಟ್‌ಬುಕ್‌ನಲ್ಲಿ ಒಂಬತ್ತು ಕಾರಣ ಬರೆದಿದ್ದರು. ಇಬ್ಬರಿಗೂ ರೊಟ್ಟಿ ನೆನಪೇ ಆಗಲಿಲ್ಲ. ಗ್ಯಾಲರಿಯ ಆವರಣದಲ್ಲೇ ರಾಕೆಟ್ ಮಾದರಿಗಳ ತೋಟ, ಬಾಹ್ಯಾಕಾಶ ವಸ್ತುಸಂಗ್ರಹಾಲಯ ಇವೆ. ಆದರೆ ಅವನ್ನು ಮೊದಲೇ ನೋಡಿ. ತಡೆ ಬಿದ್ದಾಗ ಜಾಗ ಬಿಡಬೇಡಿ.

ಹಾರುವಾಗ

ಮರಗಳ ಮೇಲಿಂದ ಬೆಳಕು ಏಳುತ್ತದೆ. ಸದ್ದು ಇಲ್ಲ. ಇದೇನು ಸದ್ದೇ ಇಲ್ಲವಲ್ಲ ಎಂದುಕೊಳ್ಳುತ್ತಿರುವಾಗಲೇ ಅದು ಬಂದು ಎದೆಗೆ ಬಡಿಯುತ್ತದೆ. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಗೊತ್ತಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬೆಳಕು ಕಂಡ ಕೂಡಲೇ ಎಣಿಸಲು ಶುರು ಮಾಡಿ, ಸದ್ದು ಬಂದಾಗ ನಿಲ್ಲಿಸಿ, ಮೂರರಿಂದ ಭಾಗಿಸಿ. ರಾಕೆಟ್ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ನನ್ನ ಟ್ಯೂಷನ್ ಮಕ್ಕಳಿಗೆ ಭಾಗಾಕಾರ ಬೇಸರವಾದಾಗ ಇದೇ ಲೆಕ್ಕ ಕೊಡುತ್ತೇನೆ.

ಮೋಡ ಇದ್ದರೆ ಕೆಲವೇ ಸೆಕೆಂಡ್ ಕಾಣುತ್ತದೆ. ನಮಗೆ ಹಾಗೇ ಆಯಿತು. ಮೋಡದೊಳಗೆ ಹೋಯಿತು, ಮೋಡ ಒಂದು ಕ್ಷಣ ಒಳಗಿನಿಂದ ಕೆಂಪಾಯಿತು, ನಂತರ ಸದ್ದು ಮಾತ್ರ. ಮಗ ಫೋನ್ ಎತ್ತಲೇ ಇಲ್ಲ. ನಾನು ಎತ್ತಿದೆ, ನನ್ನ ವಿಡಿಯೋದಲ್ಲಿ ಮುಂದಿನವರ ತಲೆ ಇದೆ. ಚಿತ್ರ ತೆಗೆಯುವವರು ಬೇರೆ ಬಹಳ ಜನ ಇರುತ್ತಾರೆ, ನೀವು ನೋಡಿ. ಕಾಣದಾದ ಮೇಲೆ ಪರದೆಯ ಕಡೆ ತಿರುಗಿ. ಗೂಡು ಬೇರೆಯಾದದ್ದು, ಪ್ಯಾರಾಚೂಟ್ ಬಿಚ್ಚಿದ್ದು, ಸಮುದ್ರಕ್ಕೆ ಇಳಿದದ್ದು ಎಲ್ಲ ಅಲ್ಲೇ ನೋಡಿದೆವು. ಒಟ್ಟು ಒಂಬತ್ತು ನಿಮಿಷದೊಳಗೆ ಮುಗಿಯಿತು. ಹೊಸಪೇಟೆಯ ಅಜ್ಜ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗ್ಯಾಲರಿ ಪಾಸು ಸಿಗದಿದ್ದರೆ ಪುಲಿಕಾಟ್ ದಂಡೆಯಿಂದ, ಸೂಳ್ಳೂರುಪೇಟೆಯ ಮಹಡಿಗಳಿಂದಲೂ ಜನ ನೋಡುತ್ತಾರೆ. ಅಲ್ಲಿ ಒಂದು ವಿಷಯ ನೆನಪಿರಲಿ. ಫೋನ್‌ನಲ್ಲಿ ನೇರ ಪ್ರಸಾರ ಎಂದು ಬರುವುದು ಕೆಲವು ಸೆಕೆಂಡ್ ಹಿಂದೆ ಇರುತ್ತದೆ. ಅದರಲ್ಲಿ ಎಣಿಕೆ ಮುಗಿಯುವ ಹೊತ್ತಿಗೆ ರಾಕೆಟ್ ಆಗಲೇ ಮೇಲೆದ್ದಿರುತ್ತದೆ. ಕೊನೆಯ ಒಂದು ನಿಮಿಷ ಫೋನ್ ಜೇಬಿಗೆ ಹಾಕಿ, ದಿಗಂತ ನೋಡಿ.

ಹೆಚ್ಚಿನ ದಿನ ಕೈಗೆ ಬಂದರೆ ಹಾಳಾಗಲು ಬಿಡಬೇಡಿ. ಸೂಳ್ಳೂರುಪೇಟೆಯಲ್ಲಿ ಚೆಂಗಾಳಮ್ಮನ ಗುಡಿ ಇದೆ. ಉಡಾವಣೆಗೆ ಮೊದಲು ಇಸ್ರೋದ ದೊಡ್ಡವರೂ ಅಲ್ಲಿಗೆ ಹೋಗಿ ಕೈ ಮುಗಿಯುತ್ತಾರೆ. ಚಳಿಗಾಲದಲ್ಲಾದರೆ ಪುಲಿಕಾಟ್‌ನಲ್ಲಿ ರಾಜಹಂಸಗಳು ನೀರಿಗೆ ಗುಲಾಬಿ ಬಣ್ಣ ಬಳಿದ ಹಾಗೆ ನಿಂತಿರುತ್ತವೆ. ನೇಲಪಟ್ಟು ಪಕ್ಷಿಧಾಮವೂ ಹತ್ತಿರ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹಾರಿದ ಮೇಲೆ ಸರೋವರದ ರಸ್ತೆಯಲ್ಲಿ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ. ಅವಸರ ಮಾಡಬೇಡಿ. ಒಂದು ಗಂಟೆ ಕೂತು ಬುತ್ತಿ ಬಿಚ್ಚಿ.

ಮನೆಯಿಂದಲೇ ಕಾಯುವುದಾದರೆ

ಎಲ್ಲರಿಗೂ ಹೋಗಲು ಆಗುವುದಿಲ್ಲ. ನನಗೂ ಪ್ರತಿ ಸಲ ಆಗುವುದಿಲ್ಲ. ಚಂದ್ರಯಾನ-2 ಕೊನೆಗೂ ಹಾರಿದಾಗ ನಾನು ಡೊಂಬಿವಲಿಯ ನಮ್ಮ ಹಾಲ್‌ನಲ್ಲಿ ಎಂಟು ಟ್ಯೂಷನ್ ಮಕ್ಕಳ ಜೊತೆ, ಸ್ಟೀಲ್ ಡಬ್ಬಿಗೆ ಒರಗಿಸಿಟ್ಟ ಫೋನ್‌ನಲ್ಲಿ ನೋಡಿದೆ.

ಮನೆಯಲ್ಲಿ ಕಾಯುವಾಗ ಮಕ್ಕಳ ಆಸಕ್ತಿ ಎರಡನೇ ಮುಂದೂಡಿಕೆಗೇ ಹಾರಿ ಹೋಗುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ ಗೋಡೆಗೆ ಒಂದು ಚಾರ್ಟ್. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಎಂಬ ಅಮೆರಿಕದ ಖಾಸಗಿ ಯಾನದಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಮಾಡಿದ್ದು. ಎಡಗಡೆ ದಿನಾಂಕ, ಬಲಗಡೆ ತಪ್ಪಿದ ಕಾರಣ. ಕಾರಣವನ್ನು ಮಕ್ಕಳೇ ಹುಡುಕಿ, ತಮ್ಮ ಮಾತಿನಲ್ಲಿ ಬರೆಯಬೇಕು. ಮೇ 29 ಎಂದು ಶುರುವಾಯಿತು. ಜೂನ್ 8 ಆಯಿತು, 10 ಆಯಿತು. 10ಕ್ಕೆ ಹವಾಮಾನ ಬಿಡಲಿಲ್ಲ. ಮನುಷ್ಯರಿರುವ ರಾಕೆಟ್‌ಗೆ ಹಾರುವ ಜಾಗದ ಆಕಾಶ ಸರಿಯಿದ್ದರೆ ಸಾಲದು. ನಡುವೆ ಏನಾದರೂ ಆದರೆ ಗೂಡು ಇಳಿಯುವ ಸಮುದ್ರವೂ ದಾರಿಯುದ್ದಕ್ಕೂ ಶಾಂತವಾಗಿರಬೇಕು. ಆರನೇ ಕ್ಲಾಸಿನ ಒಬ್ಬಳು "ಬೀಳೋ ಜಾಗಾನೂ ನೋಡ್ಕೊಂಡೇ ಹಾರಬೇಕು" ಎಂದು ಬರೆದಳು. ಜೂನ್ 11ಕ್ಕೆ ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿದೆ ಎಂದು ನಿಂತಿತು. ಆಮೇಲೆ ಬಾಹ್ಯಾಕಾಶ ನಿಲ್ದಾಣದ ರಷ್ಯಾ ಕಡೆಯ ಭಾಗದಲ್ಲಿ ಗಾಳಿ ಸೋರುವುದರ ಪರಿಶೀಲನೆ. 19 ಹೋಯಿತು, 22 ಹೋಯಿತು.

ಆ ಹೊತ್ತಿಗೆ ಚಾರ್ಟ್ ನೋಡಲೆಂದೇ ಪಕ್ಕದ ಮನೆಯ ಮಕ್ಕಳು ಬರತೊಡಗಿದ್ದರು. ನಾಳೆ ಹಾರುತ್ತಾ ಎಂದು ಯಾರೂ ಕೇಳುತ್ತಿರಲಿಲ್ಲ. ಈ ಸಲ ಏನು ನೋಡುತ್ತಿದ್ದಾರೆ ಟೀಚರ್ ಎಂದು ಕೇಳುತ್ತಿದ್ದರು. ಜೂನ್ 25, ಬುಧವಾರ, ಮಧ್ಯಾಹ್ನ 12:01ಕ್ಕೆ ಅದು ಹಾರಿತು. ಶಾಲೆಗೆ ಹೋಗಿದ್ದವರು ಸಂಜೆ ಬಂದು ಮತ್ತೆ ನೋಡಿದರು. ಏಳನೇ ಸಾಲಿನ ಕಾರಣದ ಜಾಗ ಖಾಲಿ ಇತ್ತು. ಅಲ್ಲಿ ಅವರು ಹಸಿರು ಸ್ಕೆಚ್ ಪೆನ್ನಿನಿಂದ ಸಮಯ ಬರೆದರು. ಚಾರ್ಟ್ ಇನ್ನೂ ಗೋಡೆಯ ಮೇಲಿದೆ, ಕೆಳಗೆ ಹೊಸ ಹಾಳೆ ಅಂಟಿಸಿದ್ದೇವೆ.